ಪದ ಪರಿಚಯ: ‘ಸ್ಟ್ರ್ಯಾಂಡೆಡ್’ ವಿದ್ಯುತ್ ಸ್ಥಾವರ

ಮಂಗಳೂರಿನ ತಣ್ಣೀರುಬಾವಿಯಲ್ಲಿ, ಗುರುಪುರ ನದಿಯ ನೀರಿನ ಮೇಲೆ ಬಾರ್ಜ್‌ಗಳಲ್ಲಿ ಕೂರಿಸಿದ್ದ ಒಂದು ವಿದ್ಯುತ್ ಸ್ಥಾವರ ಇತ್ತು. ಜಿಎಂಆರ್ ಕಂಪನಿಯದು, 220 ಮೆಗಾವ್ಯಾಟ್ ಸಾಮರ್ಥ್ಯದ್ದು. 2001ರಿಂದ ನ್ಯಾಫ್ತಾ ಉರಿಸಿ ರಾಜ್ಯಕ್ಕೆ ಕರೆಂಟು ಕೊಡುತ್ತಿತ್ತು. ನ್ಯಾಫ್ತಾ ಎಂದರೆ ಕಚ್ಚಾತೈಲದಿಂದ ತೆಗೆಯುವ ದುಬಾರಿ ಇಂಧನ. ಏಳು ವರ್ಷದ ಒಪ್ಪಂದ ಮುಗಿದ ಮೇಲೆ ಇದನ್ನು ಇಲ್ಲೇ ಇಟ್ಟುಕೊಂಡು ಪ್ರಯೋಜನವಿಲ್ಲ ಎಂದಾಯಿತು. 2010ರಲ್ಲಿ ಇಡೀ ಸ್ಥಾವರವನ್ನೇ ಸಮುದ್ರಮಾರ್ಗವಾಗಿ ಆಂಧ್ರದ ಕಾಕಿನಾಡಕ್ಕೆ ಸಾಗಿಸಿದರು. ಅಲ್ಲಿನ ಕೃಷ್ಣಾ-ಗೋದಾವರಿ ಕಡಲಿನ ತಳದಿಂದ ಆಗಷ್ಟೇ ನೈಸರ್ಗಿಕ ಅನಿಲ ಬರತೊಡಗಿತ್ತು. ನ್ಯಾಫ್ತಾ ಬಿಟ್ಟು ಗ್ಯಾಸ್ ಉರಿಸಿದರೆ ಯೂನಿಟ್ಟಿನ ದರ ಇಳಿಯುತ್ತದೆ ಎಂಬುದು ಲೆಕ್ಕ. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಗ್ಯಾಸೂ ನಿಂತಿತು. ಯಂತ್ರಕ್ಕೆ ಏನೂ ಆಗಿರಲಿಲ್ಲ, ಒಲೆಗೆ ಹಾಕಲು ಏನೂ ಇರಲಿಲ್ಲ ಅಷ್ಟೆ.

ಇಂಥ ಸ್ಥಿತಿಗೆ ವಿದ್ಯುತ್ ಇಲಾಖೆಯವರೂ ಬ್ಯಾಂಕಿನವರೂ ಬಳಸುವ ಪದ ‘ಸ್ಟ್ರ್ಯಾಂಡೆಡ್’. ಇಂಗ್ಲಿಷಿನಲ್ಲಿ ‘ಸ್ಟ್ರ್ಯಾಂಡ್’ ಎಂದರೆ ಹಳೆಯ ಅರ್ಥದಲ್ಲಿ ಕಡಲ ದಂಡೆ. ನೀರು ಇಳಿದಾಗ ದಂಡೆಯ ಮರಳಿಗೆ ಸಿಕ್ಕಿಬಿದ್ದ ಹಡಗನ್ನು ಹಾಗೆ ಕರೆಯುತ್ತಿದ್ದರು. ಹಡಗು ಮುರಿದಿಲ್ಲ, ಮುಳುಗಿಲ್ಲ, ತಳದಲ್ಲಿ ತೂತೂ ಇಲ್ಲ. ತೇಲಿಸುವ ನೀರು ಮಾತ್ರ ಇಲ್ಲ. ಬಾರ್ಜ್ ಮೇಲಿದ್ದ ತಣ್ಣೀರುಬಾವಿಯ ಸ್ಥಾವರಕ್ಕೆ ಈ ಪದ ಅಕ್ಷರಶಃ ಹೊಂದಿಬಿಟ್ಟದ್ದು ಕಾಕತಾಳೀಯ.

ನಮ್ಮ ಪತ್ರಿಕೆಗಳಲ್ಲಿ ಇದನ್ನು ಒಮ್ಮೆ ‘ಸ್ಥಗಿತಗೊಂಡ’ ಎಂದೂ ಇನ್ನೊಮ್ಮೆ ‘ನಿಷ್ಕ್ರಿಯ’ ಎಂದೂ ಬರೆಯುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ರಿಪೇರಿಗೆ ನಿಂತ ಸ್ಥಾವರವೂ ಸ್ಥಗಿತವೇ. ನಿಷ್ಕ್ರಿಯ ಎಂದರೆ ಬ್ಯಾಂಕಿನ ಎನ್‌ಪಿಎ ನೆನಪಾಗುತ್ತದೆ, ಅದು ಸಾಲದ ಸ್ಥಿತಿಯೇ ಹೊರತು ಯಂತ್ರದ್ದಲ್ಲ. ಯಾವ ಪಕ್ಷಕ್ಕೂ ಬಹುಮತ ಬಾರದ ವಿಧಾನಸಭೆಗೆ ನಾವು ಬಳಸುವ ‘ಅತಂತ್ರ’ ಎಂಬ ಮಾತು ಇಲ್ಲಿಗೆ ಹತ್ತಿರ ಬರುತ್ತದೆ ಎಂದು ನನ್ನ ಎಣಿಕೆ. ಎಲ್ಲ ಇದೆ, ನಡೆಸುವುದಕ್ಕೆ ಬೇಕಾದ ಆಸರೆ ಇಲ್ಲ.

ಗ್ಯಾಸ್ ಸ್ಥಾವರಗಳೇ ಯಾಕೆ ಹೀಗೆ ಸಿಕ್ಕಿಬೀಳುತ್ತವೆ? ಕಲ್ಲಿದ್ದಲನ್ನು ವ್ಯಾಗನ್ನಿನಲ್ಲಿ ತಂದು ಅಂಗಳದಲ್ಲಿ ರಾಶಿ ಹಾಕಬಹುದು. ಗಣಿ ಕೈಕೊಟ್ಟರೆ ಬೇರೆ ಗಣಿ, ಅದೂ ಇಲ್ಲದಿದ್ದರೆ ಬಂದರು. ಗ್ಯಾಸಿಗೆ ರಾಶಿ ಹಾಕುವ ಅಂಗಳವಿಲ್ಲ. ಪೈಪಿನಲ್ಲಿ ಬಂದ ಹಾಗೆ ಉರಿಯಬೇಕು. ಒಳ್ಳೆಯ ಕಂಬೈನ್ಡ್ ಸೈಕಲ್ ಸ್ಥಾವರವೊಂದು, ಅಂದರೆ ಟರ್ಬೈನಿನಿಂದ ಹೊರಬೀಳುವ ಬಿಸಿ ಹೊಗೆಯಿಂದಲೇ ನೀರು ಕಾಯಿಸಿ, ಆ ಹಬೆಯಿಂದ ಇನ್ನೊಂದು ಟರ್ಬೈನನ್ನೂ ತಿರುಗಿಸುವಂಥದ್ದು, ಒಂದು ಯೂನಿಟ್ ಕರೆಂಟಿಗೆ ಒಂದು ಘನ ಮೀಟರಿನ ಐದನೇ ಒಂದು ಭಾಗದಷ್ಟು ಗ್ಯಾಸ್ ತಿನ್ನುತ್ತದೆ. 370 ಮೆಗಾವ್ಯಾಟಿನ ಸ್ಥಾವರ ಇಪ್ಪತ್ತನಾಲ್ಕು ಗಂಟೆ ಪೂರ್ತಿ ಓಡಿದರೆ ದಿನಕ್ಕೆ ಹದಿನೆಂಟು ಲಕ್ಷ ಘನ ಮೀಟರಿನ ಆಸುಪಾಸು ಬೇಕು. ಅಷ್ಟನ್ನು, ಅದೇ ಬೆಲೆಗೆ, ಇಪ್ಪತ್ತೈದು ವರ್ಷ ಯಾರು ಕೊಡುತ್ತಾರೆ ಎನ್ನುವುದು ಕಾಗದದ ಮೇಲೆ ತೀರ್ಮಾನವಾಗದೆ ಅಡಿಗಲ್ಲು ಹಾಕಿದರೆ ಅದು ಕೂಸು ಹುಟ್ಟುವ ಮುಂಚೆ ಹೊಲಿಸಿದ ಕುಲಾವಿ.

ಕೃಷ್ಣಾ-ಗೋದಾವರಿ ತೀರದಲ್ಲಿ ನಡೆದದ್ದು ಇದೇ. ಕೆಜಿ-ಡಿ6 ಎಂಬ ನಿಕ್ಷೇಪದಿಂದ 2009ರ ಏಪ್ರಿಲ್‌ನಲ್ಲಿ ಗ್ಯಾಸ್ ಹರಿಯತೊಡಗಿತು. ದಿನಕ್ಕೆ 8 ಕೋಟಿ ಘನ ಮೀಟರ್ ಬರುತ್ತದೆಂಬ ಅಂದಾಜಿತ್ತು. ಆ ಅಂದಾಜನ್ನೇ ನಂಬಿ ಆಂಧ್ರದಲ್ಲೂ ಬೇರೆ ಕಡೆಯೂ ಸ್ಥಾವರಗಳು ಎದ್ದವು, ಬ್ಯಾಂಕುಗಳು ಸಾಲ ಕೊಟ್ಟವು. 2010ರಲ್ಲಿ 6 ಕೋಟಿ ದಾಟಿದ ಉತ್ಪಾದನೆ ಅಲ್ಲಿಂದ ಇಳಿಯುತ್ತಲೇ ಹೋಯಿತು. ಸಿಕ್ಕಷ್ಟು ಗ್ಯಾಸಿನಲ್ಲಿ ರಸಗೊಬ್ಬರದಂಥ ಕಾರ್ಖಾನೆಗಳಿಗೆ ಮೊದಲ ಪಾಲು, ಆಮೇಲೆ ವಿದ್ಯುತ್ತಿಗೆ. 2013ರ ಮಾರ್ಚ್ ಹೊತ್ತಿಗೆ ವಿದ್ಯುತ್ ಸ್ಥಾವರಗಳ ಪಾಲು ಸೊನ್ನೆಯಾಯಿತು. ಮುಂದೆ ಅಡುಗೆಮನೆಯ ಪೈಪ್ ಗ್ಯಾಸ್ ಮತ್ತು ಸಿಎನ್‌ಜಿಗೂ ಆದ್ಯತೆ ಸಿಕ್ಕಿ ಸರದಿಯ ಸಾಲು ಇನ್ನಷ್ಟು ಉದ್ದವಾಯಿತು. 2019ರ ಆರಂಭದಲ್ಲಿ ಸಂಸತ್ತಿನ ಇಂಧನ ಸ್ಥಾಯಿ ಸಮಿತಿ ಲೆಕ್ಕ ಹಾಕಿದಾಗ ದೇಶದ ಸುಮಾರು 25,000 ಮೆಗಾವ್ಯಾಟ್ ಗ್ಯಾಸ್ ಸಾಮರ್ಥ್ಯದಲ್ಲಿ 14,305 ಮೆಗಾವ್ಯಾಟ್, 31 ಸ್ಥಾವರ, ಸ್ಟ್ರ್ಯಾಂಡೆಡ್ ಪಟ್ಟಿಯಲ್ಲಿದ್ದವು. ಅರ್ಧಕ್ಕಿಂತ ಹೆಚ್ಚು!

ಕಾಕಿನಾಡದ ಹತ್ತಿರವೇ ಇರುವ ಸಾಮರ್ಲಕೋಟದ ಕಥೆ ಇನ್ನೂ ವಿಚಿತ್ರ. ರಿಲಯನ್ಸ್ ಪವರ್ ಅಲ್ಲಿ 2,400 ಮೆಗಾವ್ಯಾಟಿನ ಸ್ಥಾವರಕ್ಕೆಂದು ಜಿಇ ಕಂಪನಿಯಿಂದ ಯಂತ್ರ ತರಿಸಿತ್ತು. ಗ್ಯಾಸ್ ಬರಲಿಲ್ಲ. ಕೊನೆಗೆ ಅದರಲ್ಲಿ ಒಂದು ಭಾಗದ ಯಂತ್ರೋಪಕರಣ ಬಾಂಗ್ಲಾದೇಶದ ಮೇಘನಾಘಾಟಿಗೆ ಹೋಗಿ 718 ಮೆಗಾವ್ಯಾಟಿನ ಸ್ಥಾವರವಾಯಿತು. ಗ್ಯಾಸ್ ಯಂತ್ರದ ಬಳಿಗೆ ಬಾರದಿದ್ದರೆ ಯಂತ್ರವೇ ಗ್ಯಾಸಿನ ಬಳಿಗೆ ಹೋಗಬೇಕು.

ವಿದೇಶದಿಂದ ಎಲ್‌ಎನ್‌ಜಿ, ಅಂದರೆ ತಣ್ಣಗಾಗಿಸಿ ದ್ರವ ಮಾಡಿದ ಗ್ಯಾಸ್, ತರಿಸಬಹುದಲ್ಲ ಎಂದರೆ, ತರಿಸಬಹುದು. ಆದರೆ ಏಷ್ಯಾದ ಬಿಡಿ ಮಾರುಕಟ್ಟೆಯಲ್ಲಿ 2020ರಲ್ಲಿ ಒಂದು ಎಂಎಂಬಿಟಿಯುಗೆ (ಗ್ಯಾಸಿನ ಶಾಖವನ್ನು ಅಳೆಯುವ ಮಾನ) 2 ಡಾಲರಿನ ಆಜುಬಾಜಿಗೆ ಇಳಿದಿದ್ದ ಅದೇ ಇಂಧನ 2022ರಲ್ಲಿ 50 ಡಾಲರ್ ದಾಟಿತ್ತು. ಇಷ್ಟು ಏರಿಳಿಯುವ ಸರಕನ್ನು ನೆಚ್ಚಿ ಎಸ್ಕಾಂಗಳು ದೀರ್ಘಾವಧಿ ಕರಾರಿಗೆ ಸಹಿ ಹಾಕುವುದಿಲ್ಲ. ಗ್ರಿಡ್ಡಿನಲ್ಲಿ ಅಗ್ಗದ ಕರೆಂಟಿಗೆ ಮೊದಲ ಮಣೆ, ದುಬಾರಿಯದು ಪಂಕ್ತಿಯ ಕೊನೆಯಲ್ಲಿ. ಕರಾರು ಇದ್ದರೂ ಸ್ಥಾವರ ಸುಮ್ಮನೆ ನಿಂತ ದಿನಗಳಿಗೂ ಸಾಲದ ಬಡ್ಡಿ, ಸಿಬ್ಬಂದಿ ಸಂಬಳ ಎಲ್ಲ ಸೇರಿದ ‘ಸ್ಥಿರ ವೆಚ್ಚ’ವನ್ನು ಕೊಳ್ಳುವವರು ಕಟ್ಟಬೇಕಾಗುತ್ತದೆ. ನಮ್ಮ ಬಿಲ್ಲಿನಲ್ಲಿ ಬರುವುದು ಅದೇ. ಕರಾರೇ ಇಲ್ಲದಿದ್ದರೆ ಹೊರೆ ಬ್ಯಾಂಕಿನ ತಲೆಗೆ.

ಹಾಗೆಂದು ಸ್ಟ್ರ್ಯಾಂಡೆಡ್ ಎಂದರೆ ಸತ್ತದ್ದು ಎಂದೇನೂ ಅಲ್ಲ. 2024ರ ಬೇಸಿಗೆಯಲ್ಲಿ ಬೇಡಿಕೆ ಏರಿದಾಗ ಕೇಂದ್ರ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಮೇ ಮತ್ತು ಜೂನ್ ಎರಡು ತಿಂಗಳು ಗ್ಯಾಸ್ ಸ್ಥಾವರಗಳು ಓಡಲೇಬೇಕು ಎಂದು ಆದೇಶಿಸಿತು. ಉಬ್ಬರ ಬಂದಾಗ ದಂಡೆಯ ಹಡಗು ಸ್ವಲ್ಪ ತೇಲುತ್ತದೆ, ಇಳಿತಕ್ಕೆ ಮತ್ತೆ ಮರಳು.

ಇನ್ನು ನಮ್ಮಲ್ಲಿಗೆ ಬರೋಣ. ಕರ್ನಾಟಕ ವಿದ್ಯುತ್ ನಿಗಮ, ಅಂದರೆ ಕೆಪಿಸಿಎಲ್, ಬಿಡದಿಯಲ್ಲಿ 1,400 ಮೆಗಾವ್ಯಾಟಿನ ಗ್ಯಾಸ್ ಸ್ಥಾವರ ಕಟ್ಟುವ ಯೋಜನೆ ಹಾಕಿಕೊಂಡಿತ್ತು. ಜಾಗ ಬಂತು, ಮಹಾರಾಷ್ಟ್ರದ ದಾಬೋಲ್‌ನಿಂದ ಬೆಂಗಳೂರಿಗೆ ಗೇಲ್ ಕಂಪನಿಯ ಪೈಪ್‌ಲೈನೂ 2013ರಲ್ಲಿ ಬಂತು, ಕೈಗೆಟಕುವ ದರದ ಗ್ಯಾಸ್ ಮಾತ್ರ ಬರಲಿಲ್ಲ. ಕೊನೆಗೆ ಬಿಡದಿಯಲ್ಲಿ ಎದ್ದದ್ದು ಬೆಂಗಳೂರಿನ ಕಸ ಉರಿಸುವ 11.5 ಮೆಗಾವ್ಯಾಟಿನ ಘಟಕ. ಇದನ್ನು ಸೋಲು ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 1,400 ಮೆಗಾವ್ಯಾಟ್ ಕಟ್ಟಿ ಮುಗಿಸಿದ್ದರೆ ಸಾಮರ್ಲಕೋಟದ ಪಟ್ಟಿಗೆ ನಮ್ಮದೂ ಒಂದು ಹೆಸರು ಸೇರುತ್ತಿತ್ತು, ಬಡ್ಡಿಯನ್ನು ನಾವು ಕಟ್ಟುತ್ತಿದ್ದೆವು. ಕಟ್ಟದ ಸ್ಥಾವರ ಸ್ಟ್ರ್ಯಾಂಡೆಡ್ ಅಲ್ಲ. ಅದು ಬರೀ ಕೈಬಿಟ್ಟ ಯೋಜನೆ.

ಯಲಹಂಕದ್ದು ಇವೆರಡಕ್ಕೂ ಸೇರದ ಮೂರನೆಯ ಬಗೆ. ಹಳೆಯ ಡೀಸೆಲ್ ಸ್ಥಾವರದ ಆವರಣದಲ್ಲಿ, ಪುಟ್ಟೇನಹಳ್ಳಿ ಕೆರೆಯ ಪಕ್ಕ, 370 ಮೆಗಾವ್ಯಾಟಿನ ಗ್ಯಾಸ್ ಸ್ಥಾವರದ ಗುತ್ತಿಗೆ 2015ರಲ್ಲಿ ಬಿಎಚ್‌ಇಎಲ್‌ಗೆ ಹೋಯಿತು. ಇಲ್ಲಿ ಪೈಪು ಮೊದಲೇ ಬಂದಿತ್ತು, ಯಂತ್ರ ತಡವಾಯಿತು. ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುವ ಹಾಗೆ. 2020ರ ಅಕ್ಟೋಬರ್ 2ರ ನಸುಕಿನಲ್ಲಿ, ಪರೀಕ್ಷೆ ನಡೆಯುತ್ತಿದ್ದ ಹಂತದಲ್ಲಿ, ಬೆಂಕಿ ಹೊತ್ತಿಕೊಂಡು 15 ಮಂದಿ ಗಾಯಗೊಂಡರು. ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ. ಗುತ್ತಿಗೆಯಿಂದ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಒಂಬತ್ತು ವರ್ಷ.

ಆ ಒಂಬತ್ತು ವರ್ಷಗಳಲ್ಲಿ ಪಾವಗಡದ ಸೋಲಾರ್ ಪಾರ್ಕ್ ಎದ್ದು 2,000 ಮೆಗಾವ್ಯಾಟ್ ತಲುಪಿದ್ದನ್ನು ಮರೆಯುವಂತಿಲ್ಲ. ಹಗಲಿನ ಕರೆಂಟು ಅಗ್ಗವಾದ ಮೇಲೆ ಗ್ಯಾಸ್ ಸ್ಥಾವರದ ಕೆಲಸವೇ ಬದಲಾಗುತ್ತದೆ. ಇಡೀ ದಿನ ಓಡುವುದಕ್ಕಿಂತ ಸಂಜೆ ಬಿಸಿಲು ಇಳಿದ ಮೇಲೆ ಬೇಗ ಶುರುವಾಗಿ ಕೆಲವು ಗಂಟೆ ದುಡಿಯುವುದು ಅದರ ಪಾಲಿಗೆ ಬರುತ್ತದೆ. ಆ ಲೆಕ್ಕದಲ್ಲಿ ಗುತ್ತಿಗೆಯ ದಿನ ಕಂಡ ಯಲಹಂಕವೇ ಬೇರೆ, ಗುಂಡಿ ಒತ್ತಿದ ದಿನ ಕಂಡ ಯಲಹಂಕವೇ ಬೇರೆ. ಅದನ್ನು ಸ್ಟ್ರ್ಯಾಂಡೆಡ್ ಎನ್ನುವುದು ಅವಸರ. ಪೈಪಿದೆ, ಯಂತ್ರವಿದೆ, ಪಕ್ಕದಲ್ಲೇ ಕರೆಂಟು ಬೇಡುವ ನಗರವಿದೆ. ಎಲ್‌ಎನ್‌ಜಿ ದರ ಏರಿ ಅದು ತಿಂಗಳುಗಟ್ಟಲೆ ಪಂಕ್ತಿಯ ಕೊನೆಯಲ್ಲೇ ಕೂತರೆ ಆಗ ಈ ಪದ ಅದಕ್ಕೂ ಅಂಟಬಹುದು. ಸದ್ಯಕ್ಕೆ ಅದು ತಡವಾಗಿ ಬಂದ ಸ್ಥಾವರ, ಅಷ್ಟೇ.