ಮರದ ವಯಸ್ಸೇ ಊರಿನ ವಯಸ್ಸಲ್ಲ

"ಗುಜರಾತಿನ ಖಂಭಾತ್ ಕೊಲ್ಲಿಯ ಕೆಳಗೆ 9,500 ವರ್ಷ ಹಳೆಯ ನಗರ ಇದೆಯಂತೆ, ನಿಜವಾ ಸಾರ್?" ಯಾವ ಕಾಲೇಜಿಗೆ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ.

ಆಗಿದ್ದು ಇಷ್ಟು. 2001ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಶಬ್ದದ ಅಲೆ ಬಿಟ್ಟು ತಳ ಗುರುತಿಸುವ ಸೋನಾರ್‌ನಲ್ಲಿ ಕೊಲ್ಲಿಯ ತಳ ನೋಡಿದಾಗ ಚೌಕಚೌಕ ಆಕಾರಗಳು ಕಂಡವು. ಅವನ್ನೇ ನಗರದ ಗುರುತು ಅಂದರು. 30-40 ಮೀಟರ್ ಆಳದಿಂದ ಬಾಚಿ ಮೇಲೆತ್ತಿದ್ದರಲ್ಲಿ ಕಲ್ಲು, ಮಡಕೆ ಚೂರಿನಂಥವು, ಮರದ ತುಂಡು ಇದ್ದವು. ಒಂದು ತುಂಡಿಗೆ ಸುಮಾರು 9,500 ವರ್ಷ ಅಂತ, ಒಳಗಿನ ಕಾರ್ಬನ್ ಅಳೆದು ವಯಸ್ಸು ಲೆಕ್ಕಹಾಕುವ ಕಾರ್ಬನ್ ಪರೀಕ್ಷೆ ಹೇಳಿತು. ಸರಿ, ನಗರಕ್ಕೂ ಅಷ್ಟೇ ವಯಸ್ಸಾಗಿಬಿಟ್ಟಿತು!

ಎಲ್ಲರೂ ಎಡವುವುದು ಇಲ್ಲೇ. ಆ ಪರೀಕ್ಷೆ ಹೇಳುವುದು ಮರದ ಆ ಭಾಗ ಬೆಳೆದದ್ದು ಯಾವಾಗ ಅಂತ ಮಾತ್ರ. ಅದನ್ನು ಯಾರಾದರೂ ಕಡಿದರಾ, ತೊಲೆ ಮಾಡಿದರಾ, ಆ ಮನೆ ಅಲ್ಲೇ ಇತ್ತಾ, ಒಂದನ್ನೂ ಹೇಳುವುದಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಮುತ್ತಜ್ಜನ ಬೀಟೆ ಮಂಚ ಇದ್ದರೆ ಕಟ್ಟಡವೂ ಮುತ್ತಜ್ಜನ ಕಾಲದ್ದಾಗುತ್ತಾ? ಅದೂ ನರ್ಮದಾ, ತಾಪಿ, ಮಹಿ, ಸಾಬರಮತಿ ಎಲ್ಲವೂ ಬಂದು ಬೀಳುವ ಕೊಲ್ಲಿ. ಉಬ್ಬರವಿಳಿತದ ಸೆಳೆತವೋ ಭಯಂಕರ. ಮರ ಎಲ್ಲಿಂದ ಕೊಚ್ಚಿಕೊಂಡು ಬಂತೋ ಏನೋ. ಕೆಳಗೆ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ ಅನ್ನಲು ಈ ಮರ ಸಾಲದು, ಅಷ್ಟೇ.

ಸಮುದ್ರದ ತಳದಲ್ಲಿ ಹಳೇ ಮರ ಸಿಗುವುದು ದೊಡ್ಡ ಸಂಗತಿಯೇನಲ್ಲ. 20,000 ವರ್ಷದ ಹಿಂದೆ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಈಗ ಟ್ರಾಲ್ ಬೋಟ್ ಓಡಾಡುವ ಎಷ್ಟೋ ಜಾಗ ಆಗ ಒಣನೆಲ. ಮುಂಬೈನಲ್ಲಿ 1870ರ ದಶಕದಲ್ಲಿ ಪ್ರಿನ್ಸಸ್ ಡಾಕ್ ಅಗೆಯುವಾಗ ಕೆಸರಿನಡಿ ನೂರಾರು ಮರ ಸಿಕ್ಕವು, ಹೆಚ್ಚಿನವು ಕಾಚಿನ ಮರ. ಎಷ್ಟೋ ಬುಡಗಳು ಬೇರೂರಿ ನಿಂತೇ ಇದ್ದವು. ಅಲ್ಲಿ ನೆಲವೇ ಕುಸಿದಿರಬಹುದು ಅನ್ನುವವರೂ ಇದ್ದಾರೆ. ಏನೇ ಆಗಲಿ, ಅದು ಮುಳುಗಿದ ಕಾಡು. ಅದನ್ನು ಊರು ಅಂತ ಯಾರೂ ಕರೆಯಲಿಲ್ಲ, ಪುಣ್ಯ.

ಮನುಷ್ಯ ಮಾಡಿದ ವಸ್ತುವೇ ಸಿಕ್ಕರೂ ತೊಡಕು ತಪ್ಪುವುದಿಲ್ಲ. 1931ರಲ್ಲಿ ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯಾಚೆ ಕೊಲಿಂಡಾ ಅನ್ನುವ ಮೀನಿನ ಬೋಟಿನ ಬಲೆಗೆ ಜೌಗುಮಣ್ಣಿನ ಹೆಂಟೆ ಬಂತು. ಅದನ್ನು ಒಡೆದರೆ ಒಳಗೆ ಗೇಣುದ್ದದ, ಮುಳ್ಳು ಕೆತ್ತಿದ ಕೊಂಬಿನ ಈಟಿಮೊನೆ! ಉತ್ತರ ಸಮುದ್ರದಡಿ ಬೇಟೆಗಾರರ ನಾಡು ಮುಳುಗಿದೆ ಅನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ. ಅದನ್ನೇ ಈಗ ಡಾಗರ್‌ಲ್ಯಾಂಡ್ ಅನ್ನುತ್ತಾರೆ. ಆದರೆ ಅದೇ ಜಾಗದಿಂದ ತಂದ ಜೌಗುಮಣ್ಣಿನ ವಯಸ್ಸನ್ನೂ ಮುಂದೆ ಕೊಂಬಿನದೇ ವಯಸ್ಸನ್ನೂ ತೆಗೆದಾಗ, ಕೊಂಬು ಆ ಮಣ್ಣಿಗಿಂತ ಸಾವಿರಾರು ವರ್ಷ ಹಿಂದಿನದು ಅಂತ ಗೊತ್ತಾಯಿತು. ಒಂದೇ ಬಲೆಗೆ ಬಿದ್ದವು ಒಂದೇ ಕಾಲದವು ಆಗಬೇಕಿಲ್ಲ.

ಹಾಗಾದರೆ ಮುಳುಗಿದ ಊರು ಅಂತ ಗುರುತಿಸುವುದು ಹೇಗೆ? ಇಸ್ರೇಲ್‌ನ ಹೈಫಾ ಹತ್ತಿರದ ಅಟ್ಲಿಟ್ ಯಾಮ್ ನೋಡಿ. 1984ರಲ್ಲಿ ಪುರಾತತ್ವಜ್ಞ ಎಹುದ್ ಗಲಿಲಿ ಕಂಡುಹಿಡಿದದ್ದು. 8-12 ಮೀಟರ್ ನೀರಿನಡಿ ಸುಮಾರು 9,000 ವರ್ಷದ ಹಳ್ಳಿ. ಗೋಡೆ, ಒಲೆ, ಸಮಾಧಿ ಎಲ್ಲ ಇದ್ದ ಜಾಗದಲ್ಲೇ ಇವೆ. ನನಗೆ ಅಲ್ಲಿನ ಬಾವಿಯ ಮೇಲೆ ಪ್ರೀತಿ. ಐದು ಮೀಟರಿಗೂ ಜಾಸ್ತಿ ಆಳ, ಒಳಗೋಡೆಗೆ ಕಲ್ಲು ಕಟ್ಟಿದ್ದಾರೆ. ತುಂಬಿದ್ದ ಮಣ್ಣನ್ನು ತೆಗೆದರೆ ಪ್ರಾಣಿಗಳ ಮೂಳೆ, ಕಸ. ಸಮುದ್ರ ಹತ್ತಿರ ಬಂದು ನೀರು ಉಪ್ಪಾದ ಮೇಲೆ ಬಾವಿಯನ್ನೇ ತಿಪ್ಪೆಗುಂಡಿ ಮಾಡಿಕೊಂಡಿರಬೇಕು ಅಂತ ಅಗೆದವರ ಲೆಕ್ಕಾಚಾರ. ಬಾವಿ ಉಪ್ಪಾಗುವ ಸಂಕಟ ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಾ? ಇಲ್ಲಿ ವಯಸ್ಸು, ಜಾಗ, ಬಳಕೆ ಮೂರೂ ಒಂದಕ್ಕೊಂದು ಕೂಡಿಬರುತ್ತವೆ.

ಮಲ್ಪೆಯ ತಾಂಡೇಲರೊಬ್ಬರು (ಮೀನು ಬೋಟಿನ ಮುಖ್ಯಸ್ಥರು) ಒಮ್ಮೆ ಬಲೆಗೆ ಬಂದ ಮರದ ತುಂಡು ತಂದಿದ್ದರು. ಜೊತೆಗೆ ಜಿಪಿಎಸ್ ಅಂಕಿ, ಆಳ, ತಳ ಕೆಸರೋ ಮರಳೋ, ಎಲ್ಲ ಒಂದು ಚೀಟಿಯಲ್ಲಿ. ಬರೀ ಫೋಟೋ ಕಳಿಸಿ "ಎಷ್ಟು ಹಳೇದು ಹೇಳಿ" ಅನ್ನುವ ಇಂಜಿನಿಯರುಗಳು ಅವರ ಹತ್ತಿರ ಒಂದು ವಾರ ಕಲಿಯಬೇಕು. ನಿಮಗೂ ಅಂಥದ್ದೇನಾದರೂ ಸಿಕ್ಕರೆ ಮೊದಲು ಜಾಗ ಬರೆದಿಟ್ಟುಕೊಳ್ಳಿ. ಮರವಾದರೆ ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತದೆ, ಒದ್ದೆಯಾಗಿಯೇ ಇರಲಿ. ಚೆಂದ ಕಾಣಲಿ ಅಂತ ವಾರ್ನಿಷ್ ಮಾತ್ರ ಬಳಿಯಬೇಡಿ. ವಾರ್ನಿಷ್‌ನಲ್ಲೂ ಕಾರ್ಬನ್ ಇರುತ್ತದೆ, ಆಮೇಲೆ ಬರುವ ವಯಸ್ಸನ್ನು ನಂಬುವ ಹಾಗಿಲ್ಲ.