ಕನೆಕ್ಷನ್ ಎಂಬ ನಂಬಿಕೆ

ಆ್ಯಪ್ ಒಂದಕ್ಕೆ ಚಾಟ್ ಸೇರಿಸುವುದು ಈಗ ಸಣ್ಣ ಕೆಲಸ. ಯಾವುದಾದರೂ ಕ್ಲೈಂಟ್ ಲೈಬ್ರರಿ (ಸರ್ವರ್ ಜೊತೆ ಮಾತಾಡಲು ಮೊದಲೇ ಬರೆದಿಟ್ಟ ಕೋಡ್) ಹಾಕಿಕೊಂಡು ಸರ್ವರ್ ವಿಳಾಸ ಕೊಡಬೇಕು. ಮೆಸೇಜ್ ಬಂದಾಗ ಏನು ಮಾಡಬೇಕು ಅನ್ನುವುದಕ್ಕೆ ನಾಲ್ಕು ಸಾಲು, ಕಳಿಸುವುದಕ್ಕೆ ಒಂದು ಸಾಲು. ಬ್ರೌಸರ್‌ನಲ್ಲಿ ಎರಡು ಕಿಟಕಿ ತೆರೆದು ಒಂದರಲ್ಲಿ ಟೈಪ್ ಮಾಡಿದರೆ ಇನ್ನೊಂದರಲ್ಲಿ ಥಟ್ಟನೆ ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಖುಷಿ ಕೊಡುತ್ತದೆ.

ಆದರೆ ಈ ಖುಷಿಯ ಜೊತೆಗೇ ಒಂದು ತಪ್ಪು ಚಿತ್ರವೂ ತಲೆಯೊಳಗೆ ಹೊಕ್ಕುಬಿಡುತ್ತದೆ. ನನ್ನ ಫೋನಿಗೂ ಸರ್ವರ್‌ಗೂ ನಡುವೆ ಒಂದು ಪೈಪ್ ಇದೆ. ಈ ಕಡೆ ಹಾಕಿದ್ದು ಆ ಕಡೆ ಬಿದ್ದೇ ಬೀಳುತ್ತದೆ. ಪೈಪ್ ಒಡೆದರೆ ಎರಡೂ ಕಡೆಗೆ ತಕ್ಷಣ ಗೊತ್ತಾಗುತ್ತದೆ. ಕೋಡ್ ಬರೆಯುವವರಲ್ಲೂ ಎಷ್ಟೋ ಜನ ಹೀಗೇ ಅಂದುಕೊಂಡಿರುತ್ತಾರೆ. ಈ ಮೂರು ಮಾತುಗಳಲ್ಲಿ ಒಂದೂ ನಿಜವಲ್ಲ. ರಿಯಲ್‌ಟೈಮ್ ಅಂದರೆ ವೇಗ ಅನ್ನುವುದೂ ಅರ್ಧ ಸತ್ಯ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಭೂಮಿಯ ಆಚೆ ಮಗ್ಗುಲಿಗೆ ನೆಲದ ಮೇಲಿನ ದಾರಿ 20,000 ಕಿಲೋಮೀಟರ್. ಅಂದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುವ ಪ್ರಯಾಣ. ದಾರಿಯಲ್ಲಿ ಅಲ್ಲಲ್ಲಿ ತಡವಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಸುದ್ದಿ ತಲುಪುತ್ತದೆ. ನಿಜವಾದ ಕಷ್ಟ ಬೇರೆ ಕಡೆ ಇದೆ. ಆ ತುದಿಯಲ್ಲಿ ಇನ್ನೂ ಯಾರಾದರೂ ಇದ್ದಾರಾ ಅಂತ ತಿಳಿದುಕೊಳ್ಳುವುದೇ ಆ ಕಷ್ಟ.

ಇದು ಏಕೆ ಕಷ್ಟ? ವಿಂಟ್ ಸರ್ಫ್ ಮತ್ತು ಬಾಬ್ ಕಾನ್ 1974ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಟಿಸಿಪಿ, ಅಂದರೆ ಎರಡು ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ನಿಯಮಗಳ ಕಟ್ಟು, ಹುಟ್ಟಿತು. ಇವತ್ತಿನ ಚಾಟ್ ಕನೆಕ್ಷನ್‌ಗಳು ಹೆಚ್ಚುಪಾಲು ಇದರ ಮೇಲೇ ನಿಂತಿವೆ. ಟಿಸಿಪಿ ಕನೆಕ್ಷನ್ ಅಂದರೆ ತಂತಿಯಲ್ಲ, ದಾರಿಯೂ ಅಲ್ಲ. ಎರಡು ಕಂಪ್ಯೂಟರ್‌ಗಳ ಮೆಮೊರಿಯಲ್ಲಿ ಇರುವ ಒಂದೊಂದು ಟಿಪ್ಪಣಿ, ಅಷ್ಟೇ. 'ಇಂಥ ವಿಳಾಸದವರ ಜೊತೆ ಮಾತು ನಡೆಯುತ್ತಿದೆ, ಇಷ್ಟನೇ ಬೈಟ್‌ವರೆಗೆ ಬಂದಿದೆ' ಅಂತ ಇಬ್ಬರೂ ತಮ್ಮ ತಮ್ಮ ಕಡೆ ಬರೆದಿಟ್ಟುಕೊಂಡಿರುತ್ತಾರೆ. ನಡುವಿನ ರೂಟರ್‌ಗಳು ಪ್ಯಾಕೆಟ್ (ಮಾಹಿತಿಯ ಸಣ್ಣ ಕಟ್ಟು) ಬಂದರೆ ಮುಂದೆ ತಳ್ಳುತ್ತವೆ, ಮರೆಯುತ್ತವೆ. ಯಾರೂ ಏನೂ ಕಳಿಸದೆ ಸುಮ್ನೆ ಇದ್ದರೆ ನಡುವೆ ಒಂದು ಬಿಟ್ ಕೂಡ ಓಡಾಡುವುದಿಲ್ಲ. ಇಬ್ಬರೂ ಕನೆಕ್ಷನ್ ಇದೆ ಎಂದು ನಂಬಿಕೊಂಡಿರುತ್ತಾರೆ. ಆ ನಂಬಿಕೆಯ ಹೆಸರೇ ಕನೆಕ್ಷನ್.

ಇದರಿಂದ ಏನಾಗುತ್ತದೆ ನೋಡಿ. ಫೋನ್ ಹಿಡಿದವರು ಲಿಫ್ಟ್ ಒಳಗೆ ಹೋದರು, ಸಿಗ್ನಲ್ ಹೋಯಿತು. ಸರ್ವರ್‌ಗೆ ಏನು ಗೊತ್ತಾಗಬೇಕು? ಏನೂ ಇಲ್ಲ. 'ನಾನು ಹೋಗುತ್ತಿದ್ದೇನೆ' ಅಂತ ಹೇಳುವುದಕ್ಕೂ ಸಿಗ್ನಲ್ ಬೇಕಲ್ಲ! ಸರ್ವರ್‌ನ ಟಿಪ್ಪಣಿಯಲ್ಲಿ ಫೋನ್ ಇನ್ನೂ ಹಾಜರ್. ಈ ಹೊತ್ತಿಗೆ ಸರ್ವರ್ ಒಂದು ಮೆಸೇಜ್ ಕಳಿಸಿದರೆ ಉತ್ತರ ಬರುವುದಿಲ್ಲ. ಮತ್ತೆ ಕಳಿಸುತ್ತದೆ, ಮತ್ತೆ ಕಾಯುತ್ತದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಂ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಹೀಗೆ ಸುಮಾರು 15 ನಿಮಿಷ ಪ್ರಯತ್ನ ಮಾಡಿದ ಮೇಲೆ ಕೈಬಿಡುತ್ತದೆ. ಕಳಿಸುವುದಕ್ಕೆ ಏನೂ ಇಲ್ಲದಿದ್ದರೆ ಅದೂ ಇಲ್ಲ. ಟಿಸಿಪಿಯಲ್ಲಿ ಕೀಪ್‌ಅಲೈವ್ ಎಂಬ ವಿಚಾರಣೆಯ ವ್ಯವಸ್ಥೆ ಇದೆ, ನಿಜ. ಆದರೆ ಪ್ರೋಗ್ರಾಂ ಕೇಳಿದರೆ ಮಾತ್ರ ಅದು ಶುರುವಾಗುತ್ತದೆ. ಶುರುವಾದರೂ ಮೊದಲ ವಿಚಾರಣೆ 2 ಗಂಟೆಯ ಮೌನದ ನಂತರ. ಚಾಟ್‌ನಲ್ಲಿ 2 ಗಂಟೆ ಅಂದರೆ ಒಂದು ಯುಗ.

ಇನ್ನೂ ಒಂದು ತೊಡಕಿದೆ. ರೂಟರ್‌ಗಳು ಮರೆಯುತ್ತವೆ ಅಂದೆ. ಆದರೆ ಮನೆಯ ವೈಫೈ ಪೆಟ್ಟಿಗೆ, ಮೊಬೈಲ್ ಕಂಪನಿಯ ಗೇಟ್‌ವೇ, ಸರ್ವರ್ ಮುಂದೆ ಕೂತ ಪ್ರಾಕ್ಸಿ ಎಂಬ ಮಧ್ಯವರ್ತಿ, ಇವು ಮಾತ್ರ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ. ಮೌನ ಉದ್ದವಾದರೆ ಜಾಗ ಉಳಿಸಲು ಆ ನೆನಪನ್ನು ಅಳಿಸಿಹಾಕುತ್ತವೆ. ಎಂಜಿನ್‌ಎಕ್ಸ್ ಪ್ರಾಕ್ಸಿಯ ಮೂಲ ಸೆಟ್ಟಿಂಗ್‌ನಲ್ಲಿ ತನ್ನ ಹಿಂದೆ ಇರುವ ಸರ್ವರ್‌ನಿಂದ 60 ಸೆಕೆಂಡ್ ಏನೂ ಬರದಿದ್ದರೆ ಸಂಬಂಧ ಕಡಿದುಬಿಡುತ್ತದೆ. ಪ್ರಾಕ್ಸಿ ಕಡಿದರೆ ಕಡಿದೆ ಅಂತಾದರೂ ಹೇಳುತ್ತದೆ. ಎಷ್ಟೋ ಪೆಟ್ಟಿಗೆಗಳು ಅದನ್ನೂ ಹೇಳುವುದಿಲ್ಲ. ಎರಡೂ ತುದಿಯವರು ಬದುಕಿದ್ದಾರೆ, ಇಬ್ಬರ ಟಿಪ್ಪಣಿಯೂ ಸರಿಯಾಗಿದೆ, ನಡುವಿನವನು ಮಾತ್ರ ಮರೆತಿದ್ದಾನೆ.

ಕ್ಲೈಂಟ್ ಲೈಬ್ರರಿಯ ಮುಖ್ಯ ಕೆಲಸ ಇಲ್ಲಿಂದ ಶುರು. ಕತ್ತಲಲ್ಲಿ ಮಲಗಿಸಿ ಮಗುವಿಗೆ ಕಥೆ ಹೇಳುವಾಗ ಮಗು ಹೂಂಗುಟ್ಟುತ್ತಿರಬೇಕು, ಅಲ್ವಾ? ಹೂಂ ನಿಂತರೆ ನಿದ್ದೆ ಬಂತು ಅಂತ ಅರ್ಥ. ಲೈಬ್ರರಿ ಮಾಡುವುದೂ ಇದನ್ನೇ. ಹೇಳಲು ಏನೂ ಇಲ್ಲದಿದ್ದರೂ ಆಗಾಗ ಒಂದು ಪಿಂಗ್, ಅದಕ್ಕೆ ಉತ್ತರವಾಗಿ ಒಂದು ಪಾಂಗ್. ಇದರಿಂದ ಎರಡು ಲಾಭ. ನಡುವಿನ ಪೆಟ್ಟಿಗೆಗಳು ಮರೆಯುವುದಿಲ್ಲ. ಎರಡನೆಯದು ಹೆಚ್ಚು ಮುಖ್ಯ: ಮೌನಕ್ಕೆ ಒಂದು ಅರ್ಥ ಬರುತ್ತದೆ. ಮೊದಲು ಮೌನ ಅಂದರೆ 'ಸುದ್ದಿ ಇಲ್ಲ' ಅಂತಲೂ ಆಗಬಹುದಿತ್ತು, 'ಆಳೇ ಇಲ್ಲ' ಅಂತಲೂ ಆಗಬಹುದಿತ್ತು. ಈಗ ಎರಡನ್ನೂ ಬೇರೆ ಮಾಡಬಹುದು.

ಎಷ್ಟು ಹೊತ್ತಿಗೊಮ್ಮೆ ಹೂಂ ಬೇಕು? ಸಾಕೆಟ್.ಐಒ ಎಂಬ ಜನಪ್ರಿಯ ಲೈಬ್ರರಿಯಲ್ಲಿ ಸರ್ವರ್ 25 ಸೆಕೆಂಡಿಗೊಮ್ಮೆ ಪಿಂಗ್ ಕಳಿಸುತ್ತದೆ, ಉತ್ತರಕ್ಕೆ 20 ಸೆಕೆಂಡ್ ಕಾಯುತ್ತದೆ. ಫೋನ್ ಈಗಷ್ಟೇ ಉತ್ತರ ಕೊಟ್ಟು ಮರುಕ್ಷಣ ಸತ್ತಿತು ಅನ್ನಿ, ಸರ್ವರ್‌ಗೆ ಅದು ತಿಳಿಯಲು 45 ಸೆಕೆಂಡ್ ಹಿಡಿಯಬಹುದು. ಅಷ್ಟು ಹೊತ್ತು ಆ ಹೆಸರಿನ ಪಕ್ಕ ಹಸಿರು ಚುಕ್ಕೆ ಉರಿಯುತ್ತಲೇ ಇರುತ್ತದೆ. 'ಆನ್‌ಲೈನ್ ತೋರಿಸ್ತಿತ್ತು, ಆದರೂ ಉತ್ತರ ಕೊಡಲಿಲ್ಲ' ಅಂತ ಯಾರ ಮೇಲಾದರೂ ಮುನಿಸಿಕೊಳ್ಳುವ ಮೊದಲು ಇದನ್ನು ನೆನಪಿಸಿಕೊಳ್ಳಿ. ಹಸಿರು ಚುಕ್ಕೆ ಸ್ವಲ್ಪ ಹೊತ್ತಿನ ಹಿಂದಿನ ಸುದ್ದಿ.

ಸೆಕೆಂಡಿಗೊಂದು ಪಿಂಗ್ ಕಳಿಸಿದರೆ ಬೇಗ ಗೊತ್ತಾಗುವುದಿಲ್ಲವೇ? ಗೊತ್ತಾಗುತ್ತದೆ, ಆದರೆ ಬೆಲೆ ಜಾಸ್ತಿ. ಮೊಬೈಲಿನ ರೇಡಿಯೋ ಒಮ್ಮೆ ಎಚ್ಚರವಾದರೆ ಕೆಲಸ ಮುಗಿದ ತಕ್ಷಣ ಮಲಗುವುದಿಲ್ಲ. ಇನ್ನೂ ಏನಾದರೂ ಬರಬಹುದು ಅಂತ ಕೆಲವು ಸೆಕೆಂಡ್ ಎದ್ದೇ ಇರುತ್ತದೆ. ಸೆಕೆಂಡಿಗೊಮ್ಮೆ ತಟ್ಟಿದರೆ ಅದಕ್ಕೆ ನಿದ್ದೆಯೇ ಇಲ್ಲ, ಬ್ಯಾಟರಿ ಕರಗುತ್ತದೆ. ಜೊತೆಗೆ ನೆಟ್‌ವರ್ಕ್ ಎರಡು ಸೆಕೆಂಡ್ ತೊದಲಿದರೂ 'ಸತ್ತ' ಎಂಬ ತೀರ್ಪು ಬರುತ್ತದೆ, ಬದುಕಿರುವ ಕನೆಕ್ಷನ್ ಸುಮ್ಮನೆ ಕಡಿದುಹೋಗುತ್ತದೆ. ಬೇಗ ತಿಳಿಯಬೇಕು, ತಪ್ಪಾಗಿಯೂ ತಿಳಿಯಬಾರದು. ಎರಡನ್ನೂ ಒಟ್ಟಿಗೆ ಪೂರ್ತಿ ಪಡೆಯುವ ದಾರಿ ಇಲ್ಲ. ನನ್ನ ಪ್ರಕಾರ ಇಡೀ ಲೈಬ್ರರಿಯಲ್ಲಿ ಅತಿ ಹೆಚ್ಚು ಯೋಚಿಸಿ ಇಡಬೇಕಾದ ಅಂಕಿಗಳು ಪಿಂಗ್‌ನ ಅಂತರ ಮತ್ತು ಉತ್ತರಕ್ಕೆ ಕಾಯುವ ಹೊತ್ತು, ಈ ಎರಡೇ.

ಇದೇ ಸಾಕೆಟ್.ಐಒ ಮೊದಲ ಮಾತನ್ನು ವೆಬ್ ಪುಟಗಳನ್ನು ತರುವ ಹಳೇ ಎಚ್‌ಟಿಟಿಪಿಯಲ್ಲೇ ಶುರುಮಾಡಿ, ಆಮೇಲೆ ವೆಬ್‌ಸಾಕೆಟ್‌ಗೆ, ಅಂದರೆ ಎರಡೂ ಕಡೆಯವರು ಯಾವಾಗ ಬೇಕಾದರೂ ಮಾತಾಡಬಹುದಾದ ಕನೆಕ್ಷನ್‌ಗೆ, ಬಡ್ತಿ ಪಡೆಯುತ್ತದೆ. ವೆಬ್‌ಸಾಕೆಟ್‌ನ ಅಧಿಕೃತ ಮಾನದಂಡ ಬಂದದ್ದು 2011ರ ಡಿಸೆಂಬರ್‌ನಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಫೈರ್‌ಫಾಕ್ಸ್ ಮತ್ತು ಒಪೆರಾ ಬ್ರೌಸರ್‌ಗಳು ಅದನ್ನು ಬೇಕೆಂದೇ ನಿಲ್ಲಿಸಿಟ್ಟಿದ್ದವು. ಕಾರಣ, ಮತ್ತೆ ಆ ನಡುವಿನ ಪೆಟ್ಟಿಗೆಗಳು. ಕೆಲವು ಪ್ರಾಕ್ಸಿಗಳಿಗೆ ಹೊಸ ಭಾಷೆ ಅರ್ಥವಾಗುತ್ತಿರಲಿಲ್ಲ. ವೆಬ್‌ಸಾಕೆಟ್ ಒಳಗೆ ಹೋಗುವ ಮಾತನ್ನು ಮಾಮೂಲಿ ವೆಬ್ ಪುಟದ ಕೋರಿಕೆ ಅಂದುಕೊಂಡು ಸುಳ್ಳು ಪುಟವನ್ನು ತಮ್ಮ ಸಂಗ್ರಹದಲ್ಲಿ ಇಟ್ಟುಕೊಂಡುಬಿಡುವ ಅಪಾಯವಿತ್ತು. ಪರಿಹಾರ ಬಹಳ ಚೆನ್ನಾಗಿದೆ. ಬ್ರೌಸರ್ ಕಳಿಸುವ ಪ್ರತಿ ತುಣುಕನ್ನೂ 4 ಬೈಟ್‌ನ ಒಂದು ಯಾದೃಚ್ಛಿಕ ಕೀಲಿಯಿಂದ ಕಲಸಿಬಿಡುವುದು, ಕೀಲಿಯನ್ನು ಅದರ ಜೊತೆಯಲ್ಲೇ ಬರೆದು ಕಳಿಸುವುದು. ಗುಟ್ಟು ಕಾಪಾಡುವ ಉದ್ದೇಶ ಇಲ್ಲಿಲ್ಲ. ತಂತಿಯ ಮೇಲೆ ಯಾವ ಬೈಟ್‌ಗಳು ಹೋಗುತ್ತವೆ ಎಂದು ದಾಳಿಕೋರ ಮೊದಲೇ ನಿರ್ಧರಿಸಲು ಆಗಬಾರದು, ಅಷ್ಟೇ ಉದ್ದೇಶ.

ಈಗ ಕನೆಕ್ಷನ್ ಸತ್ತಿದೆ ಅಂತ ಗೊತ್ತಾಯಿತು ಅನ್ನಿ. ಮತ್ತೆ ಜೋಡಿಸಬೇಕು. ತಕ್ಷಣ ಜೋಡಿಸಿದರೆ ಆಯ್ತಲ್ಲ ಅನಿಸುತ್ತದೆ. 2012ರ ಜನವರಿಯಲ್ಲಿ ವಾಟ್ಸಾಪ್ ಒಂದೇ ಸರ್ವರ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಕನೆಕ್ಷನ್ ಹಿಡಿದಿಟ್ಟ ಸುದ್ದಿಯನ್ನು ಹೇಳಿತ್ತು. ಅಂಥ ಸರ್ವರ್ ಒಂದು ಕ್ಷಣ ನಿಂತು ಮತ್ತೆ ಎದ್ದಿತು ಅಂದುಕೊಳ್ಳಿ. 20 ಲಕ್ಷ ಫೋನ್‌ಗಳು ಒಂದೇ ಕ್ಷಣದಲ್ಲಿ ಬಾಗಿಲು ಬಡಿದರೆ ಅದು ಮತ್ತೆ ಬೀಳುತ್ತದೆ. ಎಲ್ಲರೂ ಸರಿಯಾಗಿ ಒಂದು ಸೆಕೆಂಡ್ ಕಾದು ಬಂದರೆ? ಒಂದು ಸೆಕೆಂಡ್ ಬಿಟ್ಟು ಅದೇ ನೂಕುನುಗ್ಗಲು.

ಇದಕ್ಕೆ ಉತ್ತರ ಸಿಕ್ಕಿದ್ದು ಚಾಟ್ ಲೈಬ್ರರಿಗಳಿಗಿಂತ ನಾಲ್ಕು ದಶಕ ಮೊದಲು, ಹವಾಯಿ ದ್ವೀಪಗಳಲ್ಲಿ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಜೊತೆಗಾರರು ಬೇರೆ ಬೇರೆ ದ್ವೀಪಗಳ ಟರ್ಮಿನಲ್‌ಗಳನ್ನು ಮುಖ್ಯ ಕಂಪ್ಯೂಟರ್‌ಗೆ ರೇಡಿಯೋ ಮೂಲಕ ಜೋಡಿಸಲು ಹೊರಟರು. 1971ರಲ್ಲಿ ಅಲೋಹಾನೆಟ್ ಕೆಲಸ ಶುರುಮಾಡಿತು. ಕಳಿಸುವುದಕ್ಕೆ ಎಲ್ಲರಿಗೂ ಸೇರಿ ಒಂದೇ ತರಂಗಾಂತರ. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಹಾಳು. ಸರದಿ ಹಾಕಲು ಯಾರೂ ಇಲ್ಲ. ಅವರು ಮಾಡಿಕೊಂಡ ನಿಯಮ ಇಷ್ಟೇ: ಹೇಳಬೇಕು ಅನಿಸಿದಾಗ ಹೇಳು. ತಲುಪಿತು ಅಂತ ಉತ್ತರ ಬರದಿದ್ದರೆ ಅಡ್ಡಾದಿಡ್ಡಿಯಾಗಿ ಆರಿಸಿದ ಒಂದಷ್ಟು ಹೊತ್ತು ಕಾದು ಮತ್ತೆ ಹೇಳು. ಡಿಕ್ಕಿ ಹೊಡೆದ ಇಬ್ಬರೂ ಬೇರೆ ಬೇರೆ ಹೊತ್ತು ಕಾಯುವುದರಿಂದ ಮುಂದಿನ ಸಲ ಡಿಕ್ಕಿಯಾಗುವ ಸಂಭವ ಕಡಿಮೆ. ಲೆಕ್ಕ ಹಾಕಿದರೆ ಚಾನೆಲ್‌ನ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇಕಡಾ 18.4ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ಆದರೂ ಯಜಮಾನನೇ ಇಲ್ಲದೆ ವ್ಯವಸ್ಥೆ ನಡೆಯಿತು! ಪಗಡೆ ಎಸೆದು ಶಿಸ್ತು ತರಬಹುದು ಅನ್ನುವ ಈ ಯೋಚನೆ ನನಗೆ ಕಂಪ್ಯೂಟರ್ ಲೋಕದ ಅತಿ ಸುಂದರ ಯೋಚನೆಗಳಲ್ಲಿ ಒಂದು.

ಅಬ್ರಾಮ್‌ಸನ್ ಈ ಬಗ್ಗೆ ಬರೆದದ್ದನ್ನು ಓದಿದ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಈಥರ್ನೆಟ್‌ಗೆ, ಅಂದರೆ ಹತ್ತಿರದ ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ವ್ಯವಸ್ಥೆಗೆ, ಕೈಹಾಕಿದರು. ಈಥರ್ನೆಟ್‌ನಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಮೊದಲು ಕಿವಿಗೊಟ್ಟು ಕೇಳು, ಡಿಕ್ಕಿಯಾದಾಗಲೆಲ್ಲ ಕಾಯುವ ಅವಧಿಯ ಮಿತಿಯನ್ನು ದುಪ್ಪಟ್ಟು ಮಾಡುತ್ತಾ ಹೋಗು. ಈಗ ನಿಮ್ಮ ಚಾಟ್ ಲೈಬ್ರರಿಯ ಒಳಗೆ ಇಣುಕಿ. ಸಾಕೆಟ್.ಐಒ ಮೊದಲ ಮರುಪ್ರಯತ್ನವನ್ನು ಅರ್ಧ ಸೆಕೆಂಡಿನಿಂದ ಒಂದೂವರೆ ಸೆಕೆಂಡಿನ ಒಳಗೆ ಎಲ್ಲೋ ಒಂದು ಕಡೆ ಮಾಡುತ್ತದೆ. ಎರಡನೆಯದು 1ರಿಂದ 3 ಸೆಕೆಂಡ್, ಮೂರನೆಯದು 2ರಿಂದ 5 ಸೆಕೆಂಡ್. ಅಲ್ಲಿಗೆ ಮಿತಿ. ಫೋನ್ ಲಿಫ್ಟ್‌ನಿಂದ ಹೊರಬಂದಾಗ 'ಮತ್ತೆ ಜೋಡಿಸಲಾಗುತ್ತಿದೆ' ಎಂಬ ಸಾಲು ಸ್ವಲ್ಪ ತಡೆದು ಮಾಯವಾಗುತ್ತದಲ್ಲ, ಆ ತಡೆಯಲ್ಲಿ ಹವಾಯಿಯ ಪಗಡೆ ಉರುಳುತ್ತಿರುತ್ತದೆ.

ಇನ್ನು 'ಕಳಿಸಿದ್ದು ತಲುಪಿಯೇ ತಲುಪುತ್ತದೆ' ಎಂಬ ನಂಬಿಕೆ. ಟಿಸಿಪಿ ವಿಶ್ವಾಸಾರ್ಹ ಅಂತ ಪಠ್ಯಪುಸ್ತಕ ಹೇಳುತ್ತದೆ. ಅದು ಭರವಸೆ ಕೊಡುವುದು ಆ ತುದಿಯ ಆಪರೇಟಿಂಗ್ ಸಿಸ್ಟಂವರೆಗೆ ಮಾತ್ರ. ಅಲ್ಲಿಂದ ಪ್ರೋಗ್ರಾಂ ಅದನ್ನು ಎತ್ತಿಕೊಳ್ಳುವ ಮೊದಲೇ ಕುಸಿದರೆ ಮೆಸೇಜ್ ಹೋಯಿತು. ಸಾಲ್ಟ್‌ಜರ್, ರೀಡ್, ಕ್ಲಾರ್ಕ್ ಎಂಬ ಮೂವರು 1980ರ ದಶಕದಲ್ಲೇ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ಕೆಲಸ ಆಯಿತೋ ಇಲ್ಲವೋ ಅನ್ನುವುದನ್ನು ತುದಿಯಲ್ಲಿರುವ ಪ್ರೋಗ್ರಾಂಗಳೇ ಪರಸ್ಪರ ಕೇಳಿ ಖಚಿತ ಮಾಡಿಕೊಳ್ಳಬೇಕು, ನಡುವಿನವರಿಂದ ಅದು ಆಗದು.

ಸರಿ, ಪ್ರೋಗ್ರಾಂಗಳೇ ಉತ್ತರ ಕೊಟ್ಟುಕೊಂಡರೆ? ಉತ್ತರವೂ ಕಳೆದುಹೋಗಬಹುದು. ಉತ್ತರ ತಲುಪಿತು ಎಂಬ ಉತ್ತರವೂ ಕಳೆಯಬಹುದು. ಕಳೆದುಹೋಗುವ ದಾರಿಯಲ್ಲಿ ಇಬ್ಬರೂ ನೂರಕ್ಕೆ ನೂರು ಖಚಿತವಾಗಿ ಒಪ್ಪಂದಕ್ಕೆ ಬರಲು ಸಾಧ್ಯವೇ ಇಲ್ಲ ಎಂದು 1975ರಲ್ಲೇ ಸಂಶೋಧಕರು ತೋರಿಸಿದ್ದರು. 1978ರಲ್ಲಿ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಇದಕ್ಕೆ 'ಇಬ್ಬರು ಸೇನಾಪತಿಗಳ' ಹೆಸರು ಕೊಟ್ಟರು. ಇದರ ಪುರಾವೆ ತುಂಬ ಚಿಕ್ಕದು. ಇಷ್ಟು ಮೆಸೇಜ್‌ಗಳಲ್ಲಿ ಒಪ್ಪಂದ ಮುಗಿಯುತ್ತದೆ ಅನ್ನುವ ಒಂದು ವಿಧಾನ ಇದೆ ಅಂದುಕೊಳ್ಳಿ. ಅದರ ಕೊನೆಯ ಮೆಸೇಜ್ ಕಳೆದುಹೋಗಬಹುದು. ಕಳೆದರೂ ವಿಧಾನ ನಡೆಯಬೇಕು ಅಂದಮೇಲೆ ಆ ಮೆಸೇಜ್ ಬೇಕಾಗಿರಲಿಲ್ಲ, ತೆಗೆದುಹಾಕಿ. ಈಗ ಅದರ ಹಿಂದಿನದು ಕೊನೆಯದು. ಅದನ್ನೂ ತೆಗೆಯಿರಿ. ಹೀಗೇ ತೆಗೆಯುತ್ತಾ ಹೋದರೆ ಒಂದು ಮಾತನ್ನೂ ಆಡದೆ ಒಪ್ಪಂದ ಆಗಬೇಕಾಗುತ್ತದೆ!

ಹಾಗಾಗಿ ಆಯ್ಕೆ ಎರಡೇ. ಒಮ್ಮೆ ಕಳಿಸಿ ಸುಮ್ಮನಾಗುವುದು, ಕಳೆದರೆ ಕಳೆಯಿತು. ಇಲ್ಲವೇ ಉತ್ತರ ಬರುವವರೆಗೆ ಮತ್ತೆ ಮತ್ತೆ ಕಳಿಸುವುದು, ಎರಡು ಸಲ ತಲುಪಿದರೂ ಪರವಾಗಿಲ್ಲ. 1999ರಲ್ಲಿ ತೈಲ ಕೊಳವೆಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡಲು ಹುಟ್ಟಿದ ಎಂಕ್ಯೂಟಿಟಿ ಎಂಬ ಮೆಸೇಜ್ ಕಳಿಸುವ ನಿಯಮಾವಳಿ ಈ ಆಯ್ಕೆಯನ್ನು ಮುಚ್ಚುಮರೆಯಿಲ್ಲದೆ ನಮ್ಮ ಮುಂದೆ ಇಡುತ್ತದೆ. ಸಾಕೆಟ್.ಐಒ ಮೊದಲನೆಯದನ್ನು ಆರಿಸಿಕೊಂಡಿದೆ. ಬೇರೆ ಏನೂ ಹೇಳದಿದ್ದರೆ, ನೀವು ಇಲ್ಲದಾಗ ಸರ್ವರ್ ಕಳಿಸಿದ್ದು ನಿಮಗೆ ಸಿಗುವುದಿಲ್ಲ. ಅದರ ದಾಖಲೆಯಲ್ಲೇ ಇದು ಬರೆದಿದೆ. ಆದರೂ ಲೈಬ್ರರಿ ಹಾಕಿದ ಮೇಲೆ ಮೆಸೇಜ್ ಕಳೆಯುವುದೇ ಇಲ್ಲ ಅಂತ ಜನ ಮಂತ್ರ ನಂಬುವ ಹಾಗೆ ನಂಬುತ್ತಾರೆ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ. ಚಾಟ್‌ನಲ್ಲಿ ಒಂದು ನಗುಮುಖ ಕಳೆದರೆ ನಷ್ಟವಿಲ್ಲ. ಅದೇ ಕೋಡ್ ಔಷಧದ ಸೂಚನೆಯನ್ನೋ ಹಣದ ಲೆಕ್ಕವನ್ನೋ ಹೊತ್ತಾಗ ಏನು ಗತಿ?

ಉಳಿದದ್ದು ಆ್ಯಪ್ ಬರೆಯುವವರ ಕೆಲಸ, ಅದೇನೂ ದೊಡ್ಡದಲ್ಲ. ಮೆಸೇಜ್ ಹುಟ್ಟುವಾಗಲೇ ಫೋನ್ ಅದಕ್ಕೊಂದು ಗುರುತಿನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಪಕ್ಕಕ್ಕಿಡುತ್ತದೆ, ಉತ್ತರ ಮಾತ್ರ ಮತ್ತೆ ಕೊಡುತ್ತದೆ. ಹಿಂದುಮುಂದಿನ ಕ್ರಮಕ್ಕೆ ಫೋನಿನ ಗಡಿಯಾರವನ್ನು ನಂಬಬಾರದು, ಎರಡು ಗಡಿಯಾರಗಳು ಎಂದೂ ಪೂರ್ತಿ ಒಂದೇ ಸಮಯ ತೋರಿಸುವುದಿಲ್ಲ. ಸರ್ವರ್ ಪ್ರತಿ ಸಂಭಾಷಣೆಗೂ ಒಂದು, ಎರಡು, ಮೂರು ಅಂತ ಎಣಿಸುತ್ತಾ ಹೋದರೆ ಸಾಕು. ಮತ್ತೆ ಜೋಡಣೆಯಾದಾಗ ಫೋನ್ 'ನನ್ನ ಹತ್ತಿರ 412ರವರೆಗೆ ಇದೆ' ಅನ್ನುತ್ತದೆ, ಸರ್ವರ್ 413ರಿಂದ ಕೊಡುತ್ತದೆ.

ಇಷ್ಟು ಮಾಡಿದ ಮೇಲೆ ಪರೀಕ್ಷಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. ಆ್ಯಪ್ ಅನ್ನು ಬಲವಂತವಾಗಿ ಮುಚ್ಚಿ 'ಸರ್ವರ್‌ಗೆ ತಕ್ಷಣ ಗೊತ್ತಾಯಿತು' ಅಂತ ಸಮಾಧಾನಪಡುವವರಿದ್ದಾರೆ. ಆ್ಯಪ್ ಸತ್ತರೂ ಆಪರೇಟಿಂಗ್ ಸಿಸ್ಟಂ ಬದುಕಿರುತ್ತದೆ, ಅದು ಸರ್ವರ್‌ಗೆ ಮುಕ್ತಾಯದ ಪ್ಯಾಕೆಟ್ ಕಳಿಸಿಯೇ ಟಿಪ್ಪಣಿ ಅಳಿಸುತ್ತದೆ. ಲಿಫ್ಟ್‌ನಲ್ಲಿ ಆಗುವುದು ಅದಲ್ಲ. ಫೈರ್‌ವಾಲ್‌ನಲ್ಲಿ ಒಂದು ನಿಯಮ ಬರೆದು ಎರಡೂ ಕಡೆಯ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬೀಳಿಸಬೇಕು. ಹತ್ತು ಮೆಸೇಜ್ ಕಳಿಸಬೇಕು, ಒಂದು ನಿಮಿಷ ಬಿಟ್ಟು ನಿಯಮ ತೆಗೆಯಬೇಕು. ಆಮೇಲೆ ಎರಡೂ ಕಡೆ ಹತ್ತೂ ಮೆಸೇಜ್ ಒಂದೊಂದೇ ಸಲ, ಅದೇ ಕ್ರಮದಲ್ಲಿ ಇವೆಯಾ ಅಂತ ಎಣಿಸಿ ನೋಡಬೇಕು.