ಒಂದು ದಿನದ ಮಂಗಳೂರು: ಪಟ್ಟಿಯಿಂದ ಮುರುಡೇಶ್ವರ ತೆಗೆಯಿರಿ

"ಮಂಗಳೂರಿಗೆ ಬರ್ತಿದ್ದೇವೆ, ಒಂದೇ ದಿನ ಇದೆ, ಏನೇನು ನೋಡಬಹುದು?" ರಜೆ ಶುರುವಾದರೆ ಸಾಕು, ಇದೇ ಪ್ರಶ್ನೆ. ಜೊತೆಗೆ ಎಲ್ಲಿಂದಲೋ ಎತ್ತಿಕೊಂಡ ಒಂದು ಪಟ್ಟಿ. ಮುರುಡೇಶ್ವರ, ಸೇಂಟ್ ಮೇರೀಸ್ ದ್ವೀಪ, ಆಗುಂಬೆಯ ಸೂರ್ಯಾಸ್ತ.

ಮಾರಾಯ್ರೇ, ಈ ಮೂರೂ ಮಂಗಳೂರಲ್ಲಿಲ್ಲ. ಮುರುಡೇಶ್ವರ ಇರುವುದು ಭಟ್ಕಳ ತಾಲೂಕಿನಲ್ಲಿ, ಇಲ್ಲಿಂದ 150 ಕಿ.ಮೀ.ಗೂ ಜಾಸ್ತಿ. ದ್ವೀಪಕ್ಕೆ ಹೋಗಲು ಸುಮಾರು 60 ಕಿ.ಮೀ. ದೂರದ ಮಲ್ಪೆಯಲ್ಲಿ ಬೋಟ್ ಹತ್ತಬೇಕು, ಮಳೆಗಾಲದಲ್ಲಿ ಅದೂ ಬಂದ್. ಆಗುಂಬೆಯಂತೂ ಘಟ್ಟದ ಮೇಲೆ, ಶಿವಮೊಗ್ಗ ಜಿಲ್ಲೆ. "ಎಲ್ಲ ಒಂದೇ ಹೈವೇ ಅಲ್ವಾ?" ಅಂತ ಕೇಳುವವರಿಗೆ ಏನು ಹೇಳುವುದು? ಆ ಹೈವೇ 66 ಪನ್ವೇಲ್‌ನಿಂದ ಕನ್ಯಾಕುಮಾರಿವರೆಗೂ ಇದೆ, ಹಾಗಂತ ಗೋವಾವನ್ನೂ ಮಂಗಳೂರಿಗೆ ಸೇರಿಸುವುದಾ? ಬೆಳಿಗ್ಗೆಯಿಂದ ರಾತ್ರಿವರೆಗೆ ಕಾರಲ್ಲಿ ಕೂತು, ಗೋಪುರದ ಮುಂದೆ ಒಂದು ಫೋಟೊ ತೆಗೆದು, ಆಮೇಲೆ "ಮಂಗಳೂರಲ್ಲಿ ನೋಡೋಕೆ ಏನೂ ಇಲ್ಲ" ಅಂತ ಬರೆಯುವವರೂ ಇವರೇ.

ಊರೊಳಗೇ ಒಂದು ದಿನಕ್ಕೆ ಬೇಕಾದಷ್ಟಿದೆ. ಬೆಳಿಗ್ಗೆ ಕದ್ರಿ ದೇವಸ್ಥಾನ. ಅಲ್ಲಿನ ಕಂಚಿನ ಲೋಕೇಶ್ವರನ ಪೀಠದಲ್ಲಿ ಕ್ರಿ.ಶ. 968ರ ಶಾಸನವಿದೆ, ಮೂರ್ತಿ ಮಾಡಿಸಿದ್ದು ಈ ಕರಾವಳಿಯನ್ನು ಆಳಿದ ಆಳುಪರ ರಾಜ ಕುಂದವರ್ಮ. ಆಮೇಲೆ ಲೈಟ್‌ಹೌಸ್ ಹಿಲ್ ಮೇಲಿನ ಸಂತ ಅಲೋಶಿಯಸ್ ಚಾಪೆಲ್. ಇಟಲಿಯ ಚಿತ್ರಕಾರ ಆಂಟೋನಿಯೊ ಮೊಸ್ಕೇನಿ 1899ರ ಹೊತ್ತಿಗೆ ಇಲ್ಲಿಗೆ ಬಂದು, ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಿ ಗೋಡೆ ತುಂಬಿಸಿದ. ಬಾಗಿಲಲ್ಲಿ ನಿಂತು ವಾಪಸ್ ಬರಬೇಡಿ, ಬೆಂಚಿನ ಮೇಲೆ ಕೂತು ಕತ್ತೆತ್ತಿ ನೋಡಿ. ಊಟ, ಗಡ್‌ಬಡ್ ಐಸ್‌ಕ್ರೀಮ್ ನಿಮಗೆ ಬಿಟ್ಟದ್ದು.

ನಾಲ್ಕರ ಮೇಲೆ ಬೋಳೂರಿನ ಸುಲ್ತಾನ್ ಬತ್ತೇರಿ. ದೊಡ್ಡ ಕೋಟೆ ಅಂದುಕೊಂಡು ಹೋಗಬೇಡಿ. ಟಿಪ್ಪು ನದಿಯ ಮೇಲೆ ಕಣ್ಣಿಡಲು ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಬುರುಜು, ಅಷ್ಟೇ. ಅದರ ನಿಜವಾದ ಲಾಭ ಎದುರಿಗಿನ ದಡ. ಗುರುಪುರ ನದಿಗೂ ಕಡಲಿಗೂ ನಡುವೆ ಉದ್ದಕ್ಕೆ ಮಲಗಿರುವ ಮರಳಿನ ಪಟ್ಟಿ, ತಣ್ಣೀರುಬಾವಿ. ದೋಣಿ ಇದ್ದರೆ ದಾಟಿ, ಇಲ್ಲದಿದ್ದರೆ ಕೂಳೂರು ಸೇತುವೆ ಸುತ್ತಿಕೊಂಡು ಬನ್ನಿ. ಗಾಳಿಮರಗಳ ನಡುವೆ ನಡೆದರೆ ಕಡಲು. ಸೂರ್ಯಾಸ್ತಕ್ಕೆ ಆಗುಂಬೆ ಯಾಕೆ ಬೇಕು ಹೇಳಿ?

ಯಾರೂ ಕೇಳದಿದ್ದರೂ ಛಾವಣಿಗೆ ಹೊದಿಸುವ ಹಂಚಿನ ವಿಷಯ ಹೇಳಿಬಿಡುತ್ತೇನೆ. ಈ ಗುರುಪುರ ನದಿ ಮತ್ತು ನೇತ್ರಾವತಿ ದಡದ ಜೇಡಿಮಣ್ಣಿನಿಂದಲೇ ಮಂಗಳೂರು ಹಂಚು ಹುಟ್ಟಿದ್ದು. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಕಾರ್ಖಾನೆ ಶುರು ಮಾಡಿದರು, ನೋಡನೋಡುತ್ತ ಬೇರೆಯವರೂ ಹಾಕಿದರು. ಪ್ರತಿ ಹಂಚಿನ ಅಡಿಯಲ್ಲೂ ಕಾರ್ಖಾನೆಯ ಹೆಸರು ಒತ್ತುತ್ತಿದ್ದರು. ಹಳೇ ಹೋಟೆಲಿನಲ್ಲಿ ಊಟಕ್ಕೆ ಕೂತಾಗ, ಛಾವಣಿಗೆ ಸೀಲಿಂಗ್ ಹೊಡೆದಿಲ್ಲದಿದ್ದರೆ, ಸುಮ್ನೆ ಮೇಲೆ ನೋಡಿ ಓದಬಹುದು.